ಮೂರನೇ ಕರೆ

ಅವರ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಒಂಬತ್ತು ಉಗುರುಗಳಂತಿರಲಿಲ್ಲ. ದಪ್ಪವಾಗಿ, ಹಳದಿಗಟ್ಟಿ, ತುದಿ ಚಪ್ಪಟೆಯಾಗಿ ತೇದುಹೋಗಿತ್ತು. ಸ್ಕ್ರೂಡ್ರೈವರ್ ಹುಡುಕುವ ವ್ಯವಧಾನ ಇಲ್ಲದಾಗ ಅದರಲ್ಲೇ ತಿರುಪು ಬಿಚ್ಚುತ್ತಿದ್ದರು. ಬೆರಳುಗಳ ಮೇಲೆಲ್ಲ ಬೆಸುಗೆಯ ಕಾವು ತಾಗಿ ಆದ ಬಿಳಿ ಚುಕ್ಕೆಗಳು. ಬಿಚ್ಚಿದ ಯಾವ ಯಂತ್ರವನ್ನೂ ಅವರು ಮೊದಲು ಅಂಗೈಯಿಂದ ಮುಟ್ಟಿದವರಲ್ಲ. ಕೈಯ ಹಿಂಬದಿಯಿಂದ ಒಮ್ಮೆ ಸವರಿ, ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ತಿರುಗಿಸುತ್ತಿದ್ದರು. “ಅಂಗೈಲಿ ಮುಟ್ಟಿದ್ರೆ ಕರೆಂಟು ಇಡ್ಕೊಂಬುಡ್ತದೆ ಕಣಮ್ಮ. ಕೈ ಹಿಂದ್ಗಡೆ ಮುಟ್ಟಿದ್ರೆ ಒದ್ದು ಕಳಿಸ್ತದೆ. ಒದೆಸ್ಕೊಳ್ಳೋದೇ ವಾಸಿ” ಎನ್ನುತ್ತಿದ್ದರು.

ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಅವರದು ಎದುರುಮನೆ. ಐ.ಟಿ.ಐ.ಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಕಲಿಸಿ ನಿವೃತ್ತರಾದವರು, ಹಾಗಾಗಿ ಬೀದಿಗೆಲ್ಲ ಮೇಷ್ಟ್ರು. ನನ್ನ ಅಪ್ಪನಿಗಂತೂ ಇಪ್ಪತ್ತು ವರ್ಷದ ಸ್ನೇಹಿತರು. ಗಂಡ ತೀರಿಹೋದ ತಂಗಿ ಅವರ ಜೊತೆಗಿದ್ದರು. ಮುಂದಿನ ಕೋಣೆ ತುಂಬ ಹೊಟ್ಟೆ ಬಿಚ್ಚಿಕೊಂಡ ಮಿಕ್ಸಿಗಳು, ರೇಡಿಯೊಗಳು, ಒಂದು ಹಳೆಯ ಟಿ.ವಿ.

ಅವರನ್ನು ಕರೆಯುವುದಕ್ಕೆ ಒಂದು ಕ್ರಮವಿತ್ತು. ಬಾಗಿಲು ಹಾರು ಹೊಡೆದಿದ್ದರೂ ಒಂದು ಸಲ “ಮೇಷ್ಟ್ರೇ” ಎಂದರೆ ಓಗೊಡುತ್ತಿರಲಿಲ್ಲ. ಎರಡನೇ ಸಲಕ್ಕೂ ಇಲ್ಲ. ಮೂರನೇ ಸಲ ಕರೆದಾಗ ಮಾತ್ರ ಒಳಗಿನಿಂದ “ಓ” ಎಂದು ಬರುತ್ತಿತ್ತು. ಹಾಲಿನವಳಿಂದ ಹಿಡಿದು ಅಂಚೆಯವರ ತನಕ ಎಲ್ಲರಿಗೂ ಇದು ಗೊತ್ತು. ಹೊಸದಾಗಿ ಬಂದವರು ಕಿವಿ ಮಂದವೇನೋ ಅಂದುಕೊಳ್ಳುತ್ತಿದ್ದರು. ಕಿವಿ ಮಂದವಾಗಿರಲಿಲ್ಲ, ಒಳಗೆ ಕೂತು ಎಣಿಸುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಇಂಥದ್ದನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಒಂದು ದಿನ ಕೇಳಿಯೇಬಿಟ್ಟೆ. ಅವರು ಕೈಯಲ್ಲಿದ್ದ ರೇಡಿಯೊದಿಂದ ಕಣ್ಣೆತ್ತದೆ ಹೇಳಿದರು: “ನಮ್ಮೂರಲ್ಲಿ ಒಂದಿನ ಮಟಮಟ ಮಧ್ಯಾನ ಯಾರೋ ನಮ್ಮಣ್ಣನ್ನ ಕರೆದ್ರು. ನಂಗೂ ಕೇಳಿಸ್ತು, ನಮ್ಮವ್ವನ ದನಿ ಇದ್ದಂಗಿತ್ತು. ಒಂದೇ ಕರೆಗೆ ಓ ಅಂದ್ಬುಟ್ಟು ಎದ್ದೋದ. ನಮ್ಮವ್ವ ಅವತ್ತು ಊರಲ್ಲೇ ಇರ್ಲಿಲ್ಲ. ಬಾವಿ ತಾವ ಹೆಣ ಸಿಕ್ತು.” ತಿರುಪೊಂದನ್ನು ಉಗುರಿನಿಂದ ಬಿಗಿದು, “ಬೇರೆಯೋರ ದನೀಲಿ ಕರೆಯೋ ಪೀಡೆಗೆ ಮೂರು ಸಲ ಕರೆಯಾಕಾಗಲ್ವಂತೆ. ನಂಬೋ ಮಾತಲ್ಲ ಟೀಚರಮ್ಮ, ಎಚ್ಚರದ ಮಾತು. ಕರೆಂಟು ಕಣ್ಣಿಗೆ ಕಾಣಲ್ಲ ಅಂತ ನೀನು ವೈರು ಮುಟ್ಟೀಯಾ?” ಎಂದರು.

ಇನ್ನು ನಮ್ಮ ಮನೆಯ ಪೆಟ್ಟಿಗೆಯ ವಿಷಯ. ಅಪ್ಪನಿಗೆ ಅರವತ್ತು ತುಂಬಿದಾಗ ಛತ್ರದಲ್ಲಿ ಊಟ ಹಾಕಿಸಿದ್ದೆವು. ವಿಡಿಯೊ ತೆಗೆದವನು, “ಬ್ಲೂ-ರೇ ಡಿಸ್ಕಲ್ಲಿ ಕೊಡ್ತೀನಿ ಮೇಡಂ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ” ಎಂದ. ಆ ಒಂದು ಡಿಸ್ಕಿಗಾಗಿ ಬ್ಲೂ-ರೇ ಪ್ಲೇಯರ್ ಕೊಂಡೆ. ಇಂಟರ್‌ನೆಟ್ ವೈರು ಸಿಕ್ಕಿಸಿದರೆ ಅದರಲ್ಲೇ ಸಿನಿಮಾ, ಹಾಡು ಎಲ್ಲ ಬರುತ್ತವೆ ಎಂದು ಅಂಗಡಿಯವನು ಹುರಿದುಂಬಿಸಿದ್ದ. ಬಂದವು ಕೂಡ. ಎರಡು ವರ್ಷಕ್ಕೆ ಅಪ್ಪ ಹೋದರು. ಆಮೇಲೆ ಪೆಟ್ಟಿಗೆ ಪರದೆಯ ಮೇಲೆ ತೋರಿಸುತ್ತಿದ್ದ ಸಿನಿಮಾ ಆ್ಯಪ್‌ಗಳ ಚೌಕಗಳೂ ಒಂದೊಂದಾಗಿ ಹೋದವು. ಇವತ್ತು ಒಂದನ್ನು ಒತ್ತಿದರೆ ‘ಈ ಸೇವೆ ಇನ್ನು ಲಭ್ಯವಿಲ್ಲ’, ಮುಂದಿನ ತಿಂಗಳು ಇನ್ನೊಂದು. ದೀಪ ಆರಿಸುತ್ತ ಯಾರೋ ಒಂದೊಂದೇ ಕೋಣೆಯಿಂದ ಹೊರಗೆ ಹೋದ ಹಾಗಿತ್ತು. ಕೊನೆಗೆ ಉಳಿದದ್ದು ಡಿಸ್ಕ್ ಒಂದೇ. ವಿಡಿಯೊದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ. ಆ ಡಿಸ್ಕನ್ನು ಓದುವ ಯಂತ್ರ ನಮಗೆ ತಿಳಿದಂತೆ ಇನ್ನೆಲ್ಲೂ ಇರಲಿಲ್ಲ.

ಅಮ್ಮ ದಿನಾ ನಾಲ್ಕು ಗಂಟೆಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುತ್ತಿದ್ದಳು. ಶುರುವಿನಲ್ಲೇ ಅಪ್ಪ ಕ್ಯಾಮೆರಾದತ್ತ ನೋಡಿ, “ಏನೇ, ಅಲ್ಲೇನು ಮಾಡ್ತಿದೀಯ? ಬಾರೇ ಇಲ್ಲಿ” ಎಂದು ಕರೆಯುತ್ತಾರೆ. ಅಮ್ಮ ಕುರ್ಚಿಯಿಂದಲೇ “ಬಂದೆ ಇರಿ” ಎನ್ನುತ್ತಿದ್ದಳು. ನನಗೆ ಅದರಲ್ಲಿ ತಮಾಷೆಯೂ ಇತ್ತು, ಸಂಕಟವೂ ಇತ್ತು. ಒಮ್ಮೆ ರಿಮೋಟ್ ಸರಿಮಾಡಲು ಬಂದಿದ್ದ ಮೇಷ್ಟ್ರು ಇದನ್ನು ಕೇಳಿಸಿಕೊಂಡು ಕಾಫಿ ಲೋಟ ಕೆಳಗಿಟ್ಟರು.

“ಅಮ್ಮಾವ್ರೇ, ಅಂಗನ್ನಬೇಡಿ.”

“ಮತ್ತೇನನ್ನಲಿ ಮೇಷ್ಟ್ರೇ? ಕರೀತಿದ್ದಾರಲ್ಲ!”

“ನಾಳೆ ಬತ್ತೀನಿ ಅನ್ನಿ.”

ಜನ್ಮದಲ್ಲಿ ಯಾರ ಮಾತನ್ನೂ ಕೇಳದ ನನ್ನ ಅಮ್ಮ ಆ ಮಾತನ್ನು ಕೇಳಿದಳು. ಮರುದಿನದಿಂದ ಅಪ್ಪ “ಬಾರೇ” ಎಂದಾಗಲೆಲ್ಲ “ನಾಳೆ ಬರ್ತೀನಿ” ಎನ್ನತೊಡಗಿದಳು.

ಡಿಸ್ಕಿಗೆ ಒಂದು ರೋಗವಿತ್ತು. ಊಟದ ಪಂಕ್ತಿ ಕೂತು, ಪಾಯಸ ಬಡಿಸುವ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು. ಬಡಿಸುವವನ ಸೌಟು ಗಾಳಿಯಲ್ಲಿ. ಅಪ್ಪ ಯಾರತ್ತಲೋ ತಿರುಗಿ ಬಾಯಿ ತೆರೆದಿದ್ದಾರೆ. ಎಷ್ಟು ಸಲ ಹಾಕಿದರೂ ಅಲ್ಲೇ ನಿಲ್ಲುತ್ತಿತ್ತು. ಮುಂದಕ್ಕೆ ಓಡಿಸಿದರೆ ಪೆಟ್ಟಿಗೆಯೇ ಆರಿಹೋಗುತ್ತಿತ್ತು. “ಏನೋ ಹೇಳಕ್ಕೆ ಬಾಯಿ ತೆಗೆದಿದ್ದಾರೆ ಕಣೇ. ಏನಂತ ಗೊತ್ತಾದ್ರೆ ಸಾಕು ನನಗೆ” ಎಂದು ಅಮ್ಮ ಪ್ರತಿದಿನವೂ ಹೇಳುತ್ತಿದ್ದಳು. ವಯಸ್ಸು ಎಪ್ಪತ್ತಾಗಿತ್ತು. ಅವಳಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಾಣೆ.

ಹೀಗಿರುವಾಗ ಪೆಟ್ಟಿಗೆ ಕೇಳಲು ಶುರುಮಾಡಿತು. ಹಾಕಿದ ಕೂಡಲೇ ಪರದೆಯ ಮೇಲೆ ಒಂದು ಪ್ರಶ್ನೆ: ಹೊಸ ಫರ್ಮ್‌ವೇರ್ ಬಂದಿದೆ, ಅಪ್‌ಡೇಟ್ ಮಾಡಲೇ? ಕೆಳಗೆ ಎರಡು ಆಯ್ಕೆ, ‘ಈಗ’ ಮತ್ತು ‘ಆಮೇಲೆ’. ಯಂತ್ರದ ಒಳಗಿನ ಬುದ್ಧಿಯನ್ನೇ ಬದಲಾಯಿಸುವ ಕೆಲಸ ಅದು. ಮೇಷ್ಟ್ರು ಓದಿ ತಲೆಯಾಡಿಸಿದರು. “ಬ್ಯಾಡ ಬುಡು. ಹಳೇ ಪೆಟ್ಟಿಗೆ. ಅರ್ಧದಲ್ಲಿ ಕರೆಂಟು ಓದ್ರೆ ಮುಗೀತು, ಆಮೇಲೆ ಇದು ಬರೀ ತಗಡು. ಕೇಳಿದಾಗೆಲ್ಲ ಆಮೇಲೆ ಅನ್ನು.” ಅಷ್ಟಕ್ಕೇ ಬಿಡಲಿಲ್ಲ. ಒಂದು ಚೀಟಿಯ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ‘ನಾಳೆ ಬಾ’ ಎಂದು ಬರೆದು ಪೆಟ್ಟಿಗೆಯ ಹಣೆಗೆ ಅಂಟಿಸಿದರು. ಹಿಂದೆಲ್ಲ ಬಾಗಿಲುಗಳ ಮೇಲೆ ಬರೆಯುತ್ತಿದ್ದರಲ್ಲ, ಮನೆಯವರ ದನಿಯಲ್ಲಿ ಕರೆಯುವ ಪೀಡೆ ಓದಿಕೊಂಡು ವಾಪಸ್ಸು ಹೋಗಲೆಂದು, ಹಾಗೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವರು ನಗಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, “ಆ ಡಿಸ್ಕು ಓಡೋವಾಗ ಒಂದ್ಸಲ ಫೋನಲ್ಲಾದ್ರೂ ಇಡ್ದಿಟ್ಕೊ. ಇವತ್ತೇ ಮಾಡು” ಎಂದರು. ಎಲ್ಲದಕ್ಕೂ ನಾಳೆ ಎನ್ನು ಎಂದು ಕಲಿಸಿದವರು ಇವತ್ತೇ ಮಾಡು ಎಂದದ್ದು ಇದೊಂದನ್ನೇ. ನಾನು, “ನಾಳೆ ಮಾಡ್ತೀನಿ ಮೇಷ್ಟ್ರೇ” ಎಂದೆ.

ಮಾಡಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು, ಅಮ್ಮ ಏಳುವುದರೊಳಗೆ ಸಿದ್ಧವಾಗಿರಲೆಂದು ಪೆಟ್ಟಿಗೆ ಹಚ್ಚಿ ಡಿಸ್ಕ್ ಹಾಕಿದೆ. ಮತ್ತೆ ಅದೇ ಪ್ರಶ್ನೆ. ಈ ಸಲ ಕೆಳಗಿನ ಸಣ್ಣಕ್ಷರಗಳನ್ನೂ ಓದಿದೆ: ‘ಕೆಲವು ಡಿಸ್ಕ್‌ಗಳು ನಡುವೆ ನಿಂತುಹೋಗುವ ದೋಷ ಸರಿಪಡಿಸಲಾಗಿದೆ.’ ಅಪ್ಪನ ತೆರೆದ ಬಾಯಿ ನೆನಪಾಯಿತು. ಅಮ್ಮನಿಗೆ ಇಷ್ಟು ವರ್ಷ ಸಿಗದ ಒಂದು ಮಾತು ಒಂದು ಗುಂಡಿಯಷ್ಟು ದೂರದಲ್ಲಿದೆ, ನಾವು ಪೀಡೆ ಪಿಶಾಚಿ ಎಂದು ಚೀಟಿ ಅಂಟಿಸಿ ಕೂತಿದ್ದೇವೆ ಎನಿಸಿ ಸಿಟ್ಟು ಬಂತು. ‘ಈಗ’ ಒತ್ತಿದೆ. ಪರದೆಯ ಮೇಲೆ ಬಿಳಿ ಗೆರೆ ಮೆಲ್ಲಗೆ ಬಲಕ್ಕೆ ಹರಿಯತೊಡಗಿತು. ಮುಕ್ಕಾಲು ದಾರಿ ಬಂದಿತ್ತು, ಕರೆಂಟು ಹೋಯಿತು.

ಬಂದದ್ದು ಹತ್ತು ನಿಮಿಷಕ್ಕೆ. ಪೆಟ್ಟಿಗೆಗೆ ಜೀವ ಬರಲಿಲ್ಲ. ಮುಂದಿನ ನೀಲಿ ದೀಪ ಎರಡು ಸಲ ಮಿಣುಕಿ ಆರುತ್ತಿತ್ತು, ಮತ್ತೆ ಎರಡು ಸಲ. ಡಿಸ್ಕ್ ಒಳಗೇ ಸಿಕ್ಕಿಕೊಂಡಿತ್ತು. ನಾಲ್ಕು ಗಂಟೆಗೆ ಅಮ್ಮ ಬಂದು ಕೂತಳು. ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದು, ಅಪ್ಪ ಕರೆಯುವ ಹೊತ್ತಿಗೆ ಸರಿಯಾಗಿ “ನಾಳೆ ಬರ್ತೀನಿ” ಎಂದಳು. ಮರುದಿನವೂ ಹಾಗೇ. ನಾಲ್ಕನೇ ದಿನ ಊಟ ಅರ್ಧಕ್ಕೆ ಬಿಟ್ಟಳು. ವಾರ ಕಳೆಯುವುದರೊಳಗೆ ಮಾತನ್ನೂ ಬಿಟ್ಟಳು.

ಮೇಷ್ಟ್ರು ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ನಾನೇ ತಪ್ಪೊಪ್ಪಿಕೊಂಡಾಗ ಅಂದದ್ದು ಇಷ್ಟೇ: “ನೀನು ನಿಮ್ಮಮ್ಮನಿಗೋಸ್ಕರ ಒತ್ತಿದ್ದು. ಕರೆಯೋ ಪೀಡೆಗೆ ಅದೆಲ್ಲ ಗೊತ್ತಾಗಲ್ಲ.” ಡಿಸ್ಕನ್ನು ಒಂದು ಗೀರೂ ಬೀಳದಂತೆ ಹೊರತೆಗೆದರು. ಒಳಗಿನ ಒಂದು ಮೆಮೊರಿ ಚಿಪ್ ಬಿಚ್ಚಿ, ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದ ಹಳೆಯ ಶಿಷ್ಯನ ಬಳಿಗೆ ಒಯ್ದರು. ಅವನ ಹತ್ತಿರ ಚಿಪ್‌ಗೆ ಹೊಸದಾಗಿ ಫರ್ಮ್‌ವೇರ್ ತುಂಬುವ ಸಾಧನವಿತ್ತು. ಮೊದಲ ಸಲ ತುಂಬಿದ್ದು ಈ ಮಾದರಿಯದಲ್ಲ. ಎರಡನೇ ಸಲದ್ದು ಅರ್ಧಂಬರ್ಧ. ಎಪ್ಪತ್ತೆರಡರ ಮುದುಕರು ಬಿಸಿಲಲ್ಲಿ ಎರಡೆರಡು ಬಸ್ಸು ಬದಲಾಯಿಸಿ ಮೂರು ಸಲ ಹೋಗಿ ಬಂದರು. ಮೂರನೇ ಸಲ ಬಂದಾಗ ಮನೆಯೊಳಗೆ ಹೋಗದೆ ಜಗುಲಿಯ ಮೇಲೆ ಕೂತು ಎದೆ ನೀವಿಕೊಳ್ಳುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಹೋಗಿ ಬೇಡವೆಂದೆ. “ನಿಂತೋಗಿರೋದು ಪೆಟ್ಟಿಗೆ ಮಾತ್ರ ಅಲ್ಲ ಕಣಮ್ಮ, ನಿಮ್ಮಮ್ಮ ನಿಂತೋಗವ್ರೆ” ಎಂದರು. ನಾನು ಮತ್ತೆ ಬೇಡ ಎನ್ನಲಿಲ್ಲ. ಎನ್ನಬೇಕಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ ಮಾಡಿದ್ದೆ. ಡಬ್ಬಿ ಹಿಡಿದು ಅವರ ಬಾಗಿಲಲ್ಲಿ ನಿಂತು ಕ್ರಮದಂತೆ ಕರೆದೆ. “ಮೇಷ್ಟ್ರೇ.” ಒಳಗೆ ಪಂಕ್ತಿಯ ಗದ್ದಲ ಕೇಳುತ್ತಿತ್ತು, ಪಾತ್ರೆಗಳ ಸದ್ದು. ಪೆಟ್ಟಿಗೆ ಓಡುತ್ತಿದೆ ಎಂದು ಗೊತ್ತಾಯಿತು. “ಮೇಷ್ಟ್ರೇ!” ಎಂದೆ ಇನ್ನೊಮ್ಮೆ. ಮೂರನೆಯದಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಒಳಗಿನಿಂದ ನನ್ನ ಅಪ್ಪನ ದನಿ ಬಂತು.

“ಮೇಷ್ಟ್ರೇ! ಬನ್ನಿ, ನಿಮ್ಮ ಎಲೆ ಕಾಯ್ತಾ ಇದೆ.”

“ಓ! ಬಂದೆ, ಬಂದೆ” ಎಂದರು ಮೇಷ್ಟ್ರು.

ಒಳಗೆ ಹೋದೆ. ಟಿ.ವಿ.ಯಲ್ಲಿ ಸೌಟು ಕೆಳಗಿಳಿದಿತ್ತು, ಪಾಯಸ ಎಲೆಗೆ ಬಿದ್ದಿತ್ತು. ಮೇಷ್ಟ್ರು ಪೆಟ್ಟಿಗೆಗೆ ಬೆನ್ನು ಹಾಕಿ, ಬೆಸುಗೆ ಕಡ್ಡಿ ಒರೆಸುತ್ತಿದ್ದವರು ಹಾಗೇ ನಿಂತಿದ್ದರು. ಬಾಗಿಲತ್ತ ನೋಡಿದರು, ಪರದೆಯತ್ತ ನೋಡಿದರು.

“ನೀನು ಎಷ್ಟು ಸಲ ಕರೆದೆ?”

“ಎರಡು.”

ಸ್ಟೂಲಿನ ಮೇಲೆ ಕೂತರು. ಆ ಉಗುರಿನಿಂದ ಮೇಜಿನ ಅಂಚನ್ನು ಕೆರೆದರು. ಕೊನೆಗೆ, “ಇರ್ಲಿ ಬುಡು. ಸೆಟ್ಟು ಸರಿಯಾಯ್ತಲ್ಲ, ತಗೊಂಡೋಗು. ನಿಮ್ಮಮ್ಮ ಕಾಯ್ತಾವ್ರೆ” ಎಂದರು. ಪೆಟ್ಟಿಗೆಯ ಜೊತೆ ತಂದಿದ್ದ ಇಂಟರ್‌ನೆಟ್ ವೈರಿನ ತುದಿಯನ್ನು ಇಕ್ಕಳದಿಂದ ಕತ್ತರಿಸಿ ಕೊಟ್ಟರು, ಇನ್ನು ಅದು ಯಾರನ್ನೂ ಏನನ್ನೂ ಕೇಳದ ಹಾಗೆ.

ಅಂದು ನಾಲ್ಕು ಗಂಟೆಗೆ ಅಮ್ಮ ಆ ಮಾತನ್ನು ಕೇಳಿದಳು. “ಅಯ್ಯೋ, ಮೇಷ್ಟ್ರನ್ನ ಕರೀತಿದ್ರಾ!” ಎಂದು ಎಷ್ಟೋ ದಿನಗಳ ಮೇಲೆ ನಕ್ಕಳು. ಅಂದು ಎರಡು ರೊಟ್ಟಿ ತಿಂದಳು.

ಅದಾದ ಒಂಬತ್ತನೇ ದಿನ ಮಧ್ಯಾಹ್ನ ಎದುರುಮನೆಯಿಂದ ಅವರ ತಂಗಿಯ ಕೂಗು ಕೇಳಿತು. ಊಟಕ್ಕೆ ಕೂತವರು ಹಾಗೆಯೇ ಗೋಡೆಗೆ ಒರಗಿದ್ದರು, ಉಸಿರು ನಿಂತಿತ್ತು. “ತಟ್ಟೆ ಬ್ಯಾಡ, ಇವತ್ತು ಎಲೆ ಹಾಕವ್ವ ಅಂದ್ರು. ಏನು ವಿಶೇಷ ಅಂದ್ರೆ ನಕ್ರು” ಎಂದು ಆಕೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೃದಯ ವರ್ಷಗಳಿಂದ ಸೋತಿತ್ತು ಎಂದರು ಡಾಕ್ಟರು. ಅದು ನಿಜವೇ ಇರಬೇಕು. ನಾನು ವಿಜ್ಞಾನ ಕಲಿಸುವವಳು, ಬಿಸಿಲು, ಬಸ್ಸು, ಸೋತ ಹೃದಯ ಇವುಗಳ ಲೆಕ್ಕ ನನಗೂ ಬರುತ್ತದೆ. ಆ ಲೆಕ್ಕದಲ್ಲೂ ಮೊದಲಿಗೆ ಬರುವುದು ನಾನು ಒತ್ತಿದ ಗುಂಡಿಯೇ.

ಪೆಟ್ಟಿಗೆ ಈಗಲೂ ನಮ್ಮಲ್ಲಿದೆ, ಅವರ ಚೀಟಿ ಅದರ ಹಣೆಯ ಮೇಲಿದೆ. ಅಮ್ಮ ಈಗಲೂ ನಾಲ್ಕಕ್ಕೆ ಕೂರುತ್ತಾಳೆ, ನಾನೂ ಪಕ್ಕದಲ್ಲಿ ಕೂರುತ್ತೇನೆ. ಪಾಯಸ ಬಡಿಸಿದ ಮೇಲೆ ಪರದೆಯಲ್ಲಿ ಮೇಷ್ಟ್ರು ಪಂಚೆ ಎತ್ತಿ ಹಿಡಿದು ಬಂದು ಅಪ್ಪನ ಪಕ್ಕದ ಎಲೆಗೆ ಕೂರುತ್ತಾರೆ. ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಾರೆ. ಆಮೇಲೆ ಅಪ್ಪ ಮತ್ತೆ ತಲೆಯೆತ್ತಿ ಸುತ್ತ ನೋಡುತ್ತಾರೆ.

“ಪುಟ್ಟೀ” ಎಂದು ಕರೆಯುತ್ತಾರೆ. ನನ್ನನ್ನು ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ಸ್ವಲ್ಪ ತಡೆದು, ಇನ್ನೂ ಗಟ್ಟಿಯಾಗಿ, “ಪುಟ್ಟೀ!”

ಮೂರನೆಯದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅಲ್ಲಿಗೆ ರಿಮೋಟ್ ಒತ್ತಿ ನಿಲ್ಲಿಸುತ್ತೇನೆ. ಯಾರಾದರೂ ಕೇಳಿಸಿಕೊಂಡಾರು ಎಂಬ ನಾಚಿಕೆಯೂ ಇಲ್ಲದೆ, ಮೇಷ್ಟ್ರು ಹೇಳಿಕೊಟ್ಟ ಹಾಗೆ, ಗಟ್ಟಿಯಾಗಿ ಹೇಳುತ್ತೇನೆ: “ನಾಳೆ ಬರ್ತೀನಪ್ಪ.”