ಕುಣಿಗಲ್ ಬ್ಯಾಂಡಿಗೆ ನಾನು ಕರೆದ ಪ್ರೇಕ್ಷಕಿ

ತಲೆಹರಟೆ ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಿಮಿಕ್ರಿ ಚಟಕ್ಕೆ, ಗೆಳೆಯನ ದನಿಯಲ್ಲಿ ಅವನ ಅಮ್ಮನಿಗೇ ಫೋನ್ ಮಾಡಿದವನು ನಾನು.

ತುಮಕೂರಿನ ಕಾಲೇಜು ಮೈದಾನದಲ್ಲಿ ಹೊಸ ಬ್ಯಾಂಡುಗಳ ಸಂಗೀತೋತ್ಸವವಿತ್ತು. ಯಾವ ಬ್ಯಾಂಡು ನೋಡಬೇಕೆಂದು ಊರಿಗೆಲ್ಲ ಹೇಳುವ ಕೆಲಸವನ್ನು ಯಾರೂ ಕೊಡದಿದ್ದರೂ ನಾನೇ ವಹಿಸಿಕೊಂಡಿದ್ದೆ. ಮರಳೂರಿನ ನಮ್ಮ ಮನೆಯ ಟೆರೇಸಿನಲ್ಲಿ ಕೂತು, ಒಂದೊಂದು ಬ್ಯಾಂಡನ್ನೂ ಬಾಯಲ್ಲೇ ಬಾರಿಸಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ. ಶಿರಾ ಗೇಟ್ ಹುಡುಗರನ್ನು ತಪ್ಪದೆ ನೋಡಿ. ಹಾಡಿಗಿಂತ ಕೂದಲು ಉದ್ದ, ಆದರೆ ಗಿಟಾರ್ ಹಿಡಿದವನ ಬೆರಳಿಗೆ ದೃಷ್ಟಿ ತೆಗೆಯಬೇಕು. ಗುಬ್ಬಿ ಹುಡುಗಿಯರನ್ನೂ ಬಿಡಬೇಡಿ. ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಸಿಟ್ಟನ್ನೆಲ್ಲ ಅವರ ಡ್ರಮ್ಸಿನವಳು ಡ್ರಮ್ಮಿನ ಮೇಲೆ ತೀರಿಸಿಕೊಳ್ಳುತ್ತಾಳೆ. ಇಷ್ಟೆಲ್ಲ ಹೇಳುವ ನನಗೆ ನುಡಿಸಲು ಬರುವುದು ಊಟದ ತಟ್ಟೆಯೊಂದೇ.

ಎಲ್ಲಕ್ಕಿಂತ ಜೋರಾಗಿ ಹೊಗಳಿದ್ದು ಕುಣಿಗಲ್ ಬ್ಯಾಂಡನ್ನು. ಅದರಲ್ಲಿ ಹಾಡುವವನೇ ನನ್ನ ಗೆಳೆಯ. ಅವನ ಅಮ್ಮ ಕುಣಿಗಲ್ಲಿನಲ್ಲಿ ಬ್ಲೌಸ್ ಹೊಲಿಯುತ್ತಾರೆ. ಮಗ ಸ್ಟೇಜಿನ ಮೇಲೆ ಹಾಡಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

"ಕರೆಯೋ ಅವರನ್ನ" ಎಂದೆ.

"ಕರೆದು, ಬರಲ್ಲ ಅಂದ್ಬಿಟ್ರೆ ಏನ್ಲಾ ಮಾಡ್ಲಿ? ಬುಡು" ಎಂದು ಒರೆಸಿದ ಮೈಕನ್ನೇ ಮತ್ತೆ ಒರೆಸಿದ.

ಆ "ಬುಡು" ನನ್ನ ಕಿವಿಯಲ್ಲೇ ಉಳಿಯಿತು. ಮಧ್ಯಾಹ್ನ ಅವನ ದನಿಯಲ್ಲೇ ಫೋನ್ ಮಾಡಿದೆ. "ಅಮ್ಮಾ, ನಾನು. ಇದು ಫ್ರೆಂಡ್ ನಂಬರು. ಊಟ ಆಯ್ತಾ? ಕಾಲ್ನೋವು ಹೆಂಗಿದೆ? ಭಾನುವಾರ ಹಾಡ್ತಿದೀನಿ, ಬಾರಮ್ಮ."

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. "ಬರ್ತೀನಿ" ಅಂದರು.

ಬಂದರು. ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತರು. ಶಿರಾ ಗೇಟ್ ಹುಡುಗರು ಶುರುಮಾಡಿದಾಗ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡರು. ಗುಬ್ಬಿಯವರು ಬಂದಾಗ ಒಂದು ಕಿವಿಗೆ ಬಿಡುಗಡೆ ಸಿಕ್ಕಿತು.

ಸ್ಟೇಜಿನ ಪಕ್ಕದಿಂದ ಇಣುಕಿದ ಗೆಳೆಯ ನನ್ನ ಕಾಲರ್ ಹಿಡಿದ. "ಏನ್ಲೇ, ನಮ್ಮಮ್ಮ ಬಂದವ್ಳೆ! ಯಾರ್ ಹೇಳಿದ್ದು?"

"ನೀನೇ" ಎಂದೆ, ಅವನದೇ ದನಿಯಲ್ಲಿ. ಆಮೇಲೆ ಫೋನಿನ ವಿಷಯ ಬಾಯಿಬಿಟ್ಟೆ.

ಅವನು ಬೈಯುತ್ತಾನೆಂದುಕೊಂಡಿದ್ದೆ. ಬೈಯಲಿಲ್ಲ, ಕಾಲರ್ ಬಿಟ್ಟ. "ನಾನ್ ಕರೆದೆ ಅಂತ ಬಂದವ್ಳೆ. ನಾನ್ ಕರೆದೇ ಇಲ್ವಲ್ಲೋ."

ಆ ಮುಖ ಹೊತ್ತೇ ಸ್ಟೇಜ್ ಹತ್ತಿದ. ಮೊದಲ ಸಾಲಿಗೇ ದನಿ ನಡುಗಿತು. ಎಂಥೆಂಥವರ ನಡುಕವನ್ನೋ ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದ ನನಗೆ ಅದನ್ನು ಕೇಳುವುದೇ ಕಷ್ಟವಾಯಿತು. ಅಮ್ಮನ ಕಡೆ ನೋಡಿದೆ. ಸೆರಗು ಭುಜಕ್ಕಿಳಿದಿತ್ತು, ಎರಡು ಕಿವಿಯೂ ಅವನಿಗೇ. ಅದು ಅವನಿಗೂ ಕಂಡಿರಬೇಕು. ಎರಡನೇ ಹಾಡಿಗೆ ದನಿ ಬಿಚ್ಚಿಕೊಂಡಿತು.

ಮುಗಿದ ಕೂಡಲೇ ಇಳಿದು ಅಮ್ಮನ ಮುಂದೆ ನಿಂತ. ಅವರು ಅವನ ಹಣೆಯ ಬೆವರು ಒರೆಸುತ್ತಿದ್ದರು. "ಅಮ್ಮಾ, ಅವತ್ತು ಫೋನ್ ಮಾಡಿದ್ದು ನಾನಲ್ಲ. ಈ ಕಪಿ" ಎಂದು ನನ್ನತ್ತ ಕೈ ತೋರಿಸಿದ.

ನಾನು ಮೆಲ್ಲಗೆ ಅವನ ಬೆನ್ನ ಹಿಂದೆ ಸರಿದೆ.

ಅವರು ಒರೆಸುವುದನ್ನು ನಿಲ್ಲಿಸದೆ ಹೇಳಿದರು: "ಗೊತ್ತಿದ್ದೇ ಬಂದಿದ್ದು ಕಣೋ. ನೀನ್ ಯಾವತ್ತಾದ್ರೂ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿದೀಯಾ?"