ಗಾಡಿಯ ಮುಖದ ಹಿತ್ತಾಳೆ ತಗಡು

ಕಿರಂಗೂರಿನ ಹತ್ತಿರ ರಸ್ತೆ ಬದಿಯಲ್ಲಿ ಮೆಕ್ಯಾನಿಕ್ ಸಾಬರೊಬ್ಬರಿದ್ದರು. ಯಾವ ಗಾಡಿ ಬಂದರೂ ಬಾನೆಟ್ಟು ಎತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಅವಸರ ಮಾಡಿದವರಿಗೆ ಒಂದೇ ಮಾತು: "ತಡೀರಿ ಅಣ್ಣ, ಒಸಿ ನೋಡುವ."

ಅಪ್ಪ ತೀರಿಕೊಂಡ ತಿಂಗಳಲ್ಲೇ ನಮ್ಮ ಮನೆಯ ದೊಡ್ಡ ಕಾರನ್ನು ಅವರ ಷೆಡ್ಡಿಗೆ ಒಯ್ದೆ. ಹೆದ್ದಾರಿಯಲ್ಲಿ ಆಕ್ಸಿಲರೇಟರ್ ತುಳಿಯದಿದ್ದರೂ, ಮುಂದಿನ ಗಾಡಿಯಿಂದ ಅಂತರ ಕಾಯ್ದುಕೊಂಡು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲು ಕೆಲಸ ಮಾಡುತ್ತಿರಲಿಲ್ಲ. ಫ್ಯೂಸು, ಬ್ರೇಕಿನ ಸ್ವಿಚ್ಚು ಎರಡನ್ನೂ ಬದಲಿಸಿ ನಾನು ಸೋತಿದ್ದೆ.

ಸಾಬರು ಸುತ್ತು ಬಂದು ಮುಂದುಗಡೆ ನಿಂತರು. "ಮುಂದಿನ ಗಾಡಿ ಎಷ್ಟು ದೂರ ಅದೆ ಅಂತ ನೋಡೋ ಕಣ್ಣು ಇಲ್ಲೇ ಒಳಗಡೆ ಇರೋದು. ಅದರ ಮ್ಯಾಲೇ ತಗಡು ಅಂಟ್ಸವ್ರಲ್ಲ, ಯಾರು?"

ಅದು ಮೇಲುಕೋಟೆಯಿಂದ ತಂದ ದೇವರ ಹಿತ್ತಾಳೆ ತಗಡು.

"ಅಪ್ಪ," ಎಂದೆ. "ಆಸ್ಪತ್ರೆಗೆ ಸೇರೋ ಹಿಂದಿನ ದಿನ."

"ದೇವ್ರುದು. ನೀವೇ ತೆಗೀರಿ."

ನನ್ನ ಕೈ ಮುಂದೆ ಹೋಗಲಿಲ್ಲ. ಸಾಬರೇ ಕೈ ತೊಳೆದು, ಚಪ್ಪಲಿ ಬಿಟ್ಟು ಬಂದು, ತಗಡಿನ ಹಿಂದೆ ದಾರ ತೂರಿಸಿ ನಿಧಾನವಾಗಿ ಬಿಡಿಸಿದರು. ಒಗೆದ ಬಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ಅಂಟಿಸುವಾಗ ಅಂಚಿನಿಂದ ಹೊರಬಂದ ಗಮ್ಮನ್ನು ಅಪ್ಪ ಹೆಬ್ಬೆಟ್ಟಿನಲ್ಲಿ ಒತ್ತಿದ್ದರು. ಬೆರಳಿನ ಗೆರೆಗಳು ಗಾಡಿಯ ಮೇಲೆ ಹಾಗೇ ಒಣಗಿದ್ದವು. ಒರೆಸಲು ಪೆಟ್ರೋಲಿನ ಬಟ್ಟೆ ತಂದ ಸಾಬರು ಬಗ್ಗಿ ನೋಡಿದರು. ಬಟ್ಟೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು.

"ಇದು ಅಡ್ಡ ಬರಾಕಿಲ್ಲ ಅಣ್ಣ. ಇರ್ಲಿ ಬುಡಿ."