ಹಾರ್ಮೋನಿಯಂ ಮೇಷ್ಟ್ರ ಬಲಗೈ ಮತ್ತು ಕಂಪ್ಯೂಟರಿನ ಸಾಕ್ಷಿ

ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಕಿರೀಟ ಇಟ್ಟು ಮೆರೆದ ರಾಜರೆಲ್ಲ ಒಂದಲ್ಲ ಒಂದು ಕಾಲದಲ್ಲಿ ದೊಡ್ಡರಂಗಯ್ಯನವರ ಹತ್ತಿರ ಬೈಸಿಕೊಂಡವರೇ. ಹಗಲು ಟ್ರ್ಯಾಕ್ಟರ್ ಓಡಿಸುವವನಿರಲಿ, ಪಂಚಾಯ್ತಿ ಮೆಂಬರೇ ಇರಲಿ, ಪೌರಾಣಿಕ ನಾಟಕದಲ್ಲಿ ಪಾರ್ಟು ಹಾಕಬೇಕೆಂದರೆ ಮೊದಲು ಗುಬ್ಬಿಯ ಈ ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರಬೇಕಿತ್ತು. ಓದು ಬರದವನಿಗೂ ಒಂದೊಂದೇ ಸಾಲು ಬಾಯಿಪಾಠ ಮಾಡಿಸಿ, ಮಟ್ಟು ಕೂರಿಸಿ, ತಬಲದ ಜೊತೆ ಕಟ್ಟಿಹಾಕುವುದು ಮೇಷ್ಟ್ರ ಕಸುಬು. ಕಂಠ ಒರಟಾಗಿದ್ದರೆ ಅವರು ಏನೂ ಅನ್ನುತ್ತಿರಲಿಲ್ಲ. ತಾಳ ತಪ್ಪಿದರೆ ಮಾತ್ರ ರಾಜ ಮಂತ್ರಿ ಎಂದು ನೋಡದೆ ಏಳು ಜನ್ಮ ಜಾಲಾಡುತ್ತಿದ್ದರು.

ಅಂಥವರಿಗೆ ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗೈ ಬಿದ್ದುಹೋಯಿತು. ತುಮಕೂರಿನ ಡಾಕ್ಟರು ಕೊಟ್ಟ ಔಷಧಿ, ಹೆಂಡತಿ ಗಿರಿಯಮ್ಮ ಹಟ ಹಿಡಿದು ಮಾಡಿದ ಎಣ್ಣೆ ನೀವಿಕೆ ಎರಡೂ ಸೇರಿ ವರ್ಷ ತುಂಬುವಷ್ಟರಲ್ಲಿ ಕೈ ಮೇಲೆದ್ದಿತು. ಬೆರಳುಗಳು ಹಾರ್ಮೋನಿಯಂನ ಕರಿ ಬಿಳಿ ಮನೆಗಳ ಮೇಲೆ ಮೊದಲಿನಂತೆಯೇ ಓಡಾಡತೊಡಗಿದವು. ಆದರೆ ಮೇಷ್ಟ್ರಿಗೆ ಒಳಗೊಳಗೇ ಒಂದು ಅಳುಕು. ಒಮ್ಮೆ ಕೈಕೊಟ್ಟ ಕೈ, ಇನ್ನೊಮ್ಮೆ ಕೊಡುವುದಿಲ್ಲ ಎಂದು ಯಾರು ಹೇಳಬೇಕು? ಗಳಿಗೆಗೊಮ್ಮೆ ಅದನ್ನು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದರು.

ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗುವ ಶಕ್ತಿಯಂತೂ ಇರಲಿಲ್ಲ. ಅಮೃತೂರು ಕಡೆಯ ನಾಟಕ ತಂಡದ ಮುದ್ದಯ್ಯ, ಇಪ್ಪತ್ತು ವರ್ಷದಿಂದಲೂ ಶಿಷ್ಯ, ಬಂದು ಕೂತ. "ನೀವ್ ಬರಕ್ಕಾಗದಿದ್ರೆ ಬುಡಿ ಮೇಷ್ಟ್ರೇ. ಹಾಡೆಲ್ಲ ಸಿ.ಡಿ. ಮಾಡ್ಕೊಡಿ. ನಾವದನ್ನ ಹಾಕ್ಕೊಂಡು ಕಲೀತೀವಿ. ನಿಮ್ಮ ಪೆಟ್ಟಿಗೆ ಇಲ್ದೆ ನಮಗ್ಯಾವ ನಾಟ್ಕ?" ಎಂದ. ಮೇಷ್ಟ್ರ ಮಗಳು ಶಶಿಕಲಾ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದಳು. ಮನೆಯಲ್ಲೂ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಮೈಕು ಸಿಕ್ಕಿಸಿ, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿ, ನಡುಮನೆಯನ್ನೇ ಸ್ಟುಡಿಯೊ ಮಾಡಿಬಿಟ್ಟಳು.

ಮೊದಲ ಹಾಡು ಹಿಡಿದು ಹಾಕಿ ಕೇಳಿದರೆ, ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು. ಜೇನುಗೂಡಿನೊಳಗೆ ಕೂತು ನುಡಿಸಿದಂತಿತ್ತು. ಫ್ಯಾನು ಆರಿಸಿದರು, ಫ್ರಿಜ್ಜು ಆರಿಸಿದರು, ಪಕ್ಕದ ಮನೆಯವರ ಮಿಕ್ಸಿಯನ್ನೂ ಬೇಡಿಕೊಂಡು ನಿಲ್ಲಿಸಿದರು. ಗುಂಯ್ ಜಪ್ಪಯ್ಯ ಎಂದರೂ ನಿಲ್ಲಲಿಲ್ಲ. ಕೊನೆಗೆ ಆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಜಾವೇದನನ್ನು ತುಮಕೂರಿನಿಂದ ಕರೆಸಿದ್ದಾಯಿತು. ಜಾವೇದ್ ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುತ್ತ ಬೆಳೆದವನು, ಕಂಪ್ಯೂಟರ್ ಆಮೇಲೆ ಕಲಿತದ್ದು. ಬಂದವನು ಬ್ಯಾಗು ಬಿಚ್ಚುವ ಮೊದಲೇ ಗಿರಿಯಮ್ಮ ದೂರು ಹೇಳಿದರು.

"ಆ ಡಬ್ಬ ಒರಸಕ್ಕೋದ್ರೆ ಕೈಗೆ ಜುಮ್ ಅಂತದಪ್ಪ. ನಾನ್ ಹೇಳಿದ್ರೆ ಈ ಮನೇಲಿ ಯಾರೂ ಕೇಳಲ್ಲ."

ಜಾವೇದ್ ಬೆರಳ ಹಿಂಬದಿಯಿಂದ ಕಂಪ್ಯೂಟರಿನ ಡಬ್ಬವನ್ನು ಮುಟ್ಟಿ ನೋಡಿ ನಕ್ಕ. "ಅಮ್ಮಾ, ಕಾಯಿಲೆ ಏನು ಅಂತ ನೀವೇ ಹೇಳ್ಬಿಟ್ರಿ. ಅರ್ತ್ ಇಲ್ಲ ಇದಕ್ಕೆ, ಸೋರೋ ಕರೆಂಟು ನೆಲಕ್ಕೆ ಇಳೀತಿಲ್ಲ. ಅರ್ತ್ ಗುಂಡಿ ಎಲ್ಲಿದೆ?"

ಗುಂಡಿ ಹಿತ್ತಿಲ ತೆಂಗಿನ ಮರದ ಬುಡದಲ್ಲಿತ್ತು. ಒಂದು ಕಾಲದಲ್ಲಿ ಬಚ್ಚಲ ನೀರೆಲ್ಲ ಅದರ ಮೇಲೇ ಹರಿಯುತ್ತಿತ್ತು. ಪುರಸಭೆಯ ಚರಂಡಿ ಬಂದ ಮೇಲೆ ನೀರು ಆ ಕಡೆ ತಿರುಗಿ, ಗುಂಡಿಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ತಂತಿಯೇನೋ ಸರಿಯಾಗಿಯೇ ಇತ್ತು. ಜಾವೇದ್ ಮೇಷ್ಟ್ರ ಕಿವಿಗೆ ಹೆಡ್‌ಫೋನ್ ಹಾಕಿ, "ಗುಂಯ್ ಅನ್ನೋದು ಕೇಳ್ತಿದೆಯಲ್ಲಾ, ಕೇಳ್ತಾನೇ ಇರಿ" ಎಂದು ಹಿತ್ತಿಲಿಗೆ ಹೋದ. ಗಿರಿಯಮ್ಮ ಒಂದು ಹಿಡಿ ಉಪ್ಪು ಹಾಕಿ ಕೊಡಗಟ್ಟಲೆ ನೀರು ಹೊಯ್ದರು.

ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಗುಂಯ್ ಎನ್ನುತ್ತಿದ್ದದ್ದು ಸ್ವಲ್ಪ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಹಿತ್ತಿಲಲ್ಲಿ ನೀರು ಇಂಗುತ್ತಿದ್ದ ಹಾಗೆ ಕಿವಿಯೊಳಗಿನ ಸದ್ದೂ ಇಂಗಿ, ಕಡೆಗೆ ಏನೂ ಉಳಿಯಲಿಲ್ಲ. ಆ ನಿಶ್ಶಬ್ದದಲ್ಲಿ ಅವರಿಗೆ ತಮ್ಮದೇ ಉಸಿರು ಕೇಳಿಸಿತು, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಐವತ್ತು ವರ್ಷ ನಾದದ ಜೊತೆ ಬಾಳಿದವರಿಗೆ, ಬೇಡದ ನಾದವನ್ನು ನೆಲ ಕುಡಿಯುತ್ತದೆ ಎಂಬುದು ಅವತ್ತಿನವರೆಗೆ ಗೊತ್ತಿರಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ ಆ ಒದ್ದೆ ಮಣ್ಣನ್ನು ಬಹಳ ಹೊತ್ತು ನೋಡುತ್ತ ನಿಂತರು.

ಜಾವೇದ್ ಹೋಗುವಾಗ ತಬಲದ ಠೇಕಾಗಳನ್ನು, ಒಂದೊಂದು ತಾಳಕ್ಕೂ ಬಾರಿಸಿಟ್ಟ ಪೆಟ್ಟುಗಳನ್ನು, ಕಂಪ್ಯೂಟರಿಗೆ ತುಂಬಿಕೊಟ್ಟು ಹೋದ. ಹೆಡ್‌ಫೋನಿನಲ್ಲಿ ತಬಲ ಕೇಳುತ್ತ ಮೇಷ್ಟ್ರು ನುಡಿಸಿ ಹಾಡಬೇಕು, ಆಮೇಲೆ ಎರಡನ್ನೂ ಒಟ್ಟಿಗೆ ಹಾಕಿ ಕೇಳಬಹುದು. ಕಷ್ಟ ಶುರುವಾದದ್ದು ಅಲ್ಲಿಂದ.

ಪೆಟ್ಟಿಗೆಯ ಮನೆ ಒತ್ತಿದ್ದು ಈಗ, ಹೆಡ್‌ಫೋನಿನಲ್ಲಿ ಸ್ವರ ಬಂದದ್ದು ಒಂದು ಕೂದಲೆಳೆ ತಡವಾಗಿ. ಮೇಷ್ಟ್ರು ಗಲಿಬಿಲಿಗೊಂಡರು. ಹಾಗೂ ಹೀಗೂ ನುಡಿಸಿ ಮುಗಿಸಿ, ಹಾಕಿ ಕೇಳಿದರು. ತಬಲ ಮುಂದೆ, ಇವರ ಪೆಟ್ಟಿಗೆ ಅದರ ಬೆನ್ನ ಹಿಂದೆ. ಹಾಡಿನುದ್ದಕ್ಕೂ ಹಾಗೆಯೇ, ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹಾಗೆಯೇ. ಅವಸರ ಮಾಡಿ ನುಡಿಸಿದರೆ ಎಲ್ಲ ಎಕ್ಕುಟ್ಟಿ ಹೋಯಿತು. ಹೆಡ್‌ಫೋನ್ ತೆಗೆದಿಟ್ಟು ಸುಮ್ಮನೆ ನುಡಿಸಿದರೆ ಸರಿಯಾಗಿಯೇ ಇದ್ದಂತೆ ಅನ್ನಿಸುತ್ತಿತ್ತು. ಆದರೆ ಅದು ತಮ್ಮ ಕಿವಿ ತಮಗೆ ಹೇಳುವ ಸಮಾಧಾನ ಎಂದುಕೊಂಡರು. ಅದು ಕಂಪ್ಯೂಟರ್ ಎಂದರೆ ಜನ ಕೈಮುಗಿಯುತ್ತಿದ್ದ ಕಾಲ. ಕಂಪ್ಯೂಟರ್ ಜಾತಕ, ಕಂಪ್ಯೂಟರ್ ಕಣ್ಣಿನ ಪರೀಕ್ಷೆ ಎಂದು ತುಮಕೂರಿನ ಬೀದಿಯುದ್ದಕ್ಕೂ ಬೋರ್ಡುಗಳಿದ್ದವು. ಅದಕ್ಕೆ ಯಾರ ಮುಲಾಜು? ಲಕ್ವ ಹೊಡೆದ ಕೈ ಹಿಂದೆ ಬೀಳುತ್ತಿದೆ ಎಂದು ಹೆಂಡತಿ ಹೇಳಲಾರಳು, ಮಗಳು ಹೇಳಲಾರಳು, ಶಿಷ್ಯರಂತೂ ಸತ್ತರೂ ಹೇಳರು. ಕಂಪ್ಯೂಟರ್ ಹೇಳಿಬಿಟ್ಟಿತು.

ಮೇಷ್ಟ್ರು ಯಾರಿಗೂ ತಿಳಿಸದೆ ಎಸ್‌ಟಿಡಿ ಬೂತಿಗೆ ಹೋಗಿ ಮುದ್ದಯ್ಯನಿಗೆ ಫೋನ್ ಮಾಡಿದರು. "ಬೇರೆ ಮೇಷ್ಟ್ರನ್ನ ನೋಡ್ಕೊಳ್ಳಪ್ಪ. ನನ್ ಪೆಟ್ಟಿಗೇನೂ ತಗೊಂಡೋಗಿ ಅವರಿಗೇ ಕೊಡು" ಎಂದರು. ಮುದ್ದಯ್ಯ ಏನೋ ಕೇಳುತ್ತಿರುವಾಗಲೇ ಫೋನ್ ಇಟ್ಟರು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ಗಿರಿಯಮ್ಮ ಎರಡು ಸಲ ಊಟಕ್ಕೆ ಕರೆದು, ತಟ್ಟೆ ಮುಚ್ಚಿಟ್ಟರು.

ಸುದ್ದಿ ಮುದ್ದಯ್ಯನಿಂದಲೇ ಶಶಿಕಲಾಗೆ ಮುಟ್ಟಿತು. ಅವಳು ಬಂದು ಹಾಸಿಗೆಯ ಪಕ್ಕ ಕೂತಳು.

"ಯಾಕಪ್ಪ ಹಂಗಂದೆ?"

"ಕೈ ಹಿಂದ್ ಬೀಳ್ತದೆ ಕಣಮ್ಮಿ. ನೀನೂ ಕೇಳಿದ್ದೀಯ, ಬಾಯ್ ಬಿಡ್ಲಿಲ್ಲ ಅಷ್ಟೇ. ಬೇರೇರಿಗೆ ತಾಳ ತಾಳ ಅಂತ ಬಯ್ದೋನು ನಾನು. ಇನ್ನು ಯಾವ ಮುಖ ಇಟ್ಕೊಂಡು ಕೂರ್ಲಿ?"

ಶಶಿಕಲಾಗೆ ನಿಜವಾಗಿಯೂ ಕೇಳಿಸಿತ್ತು. ಅಪ್ಪ ನೊಂದುಕೊಂಡಾನು ಎಂದು ಬಾಯಿ ಬಿಟ್ಟಿರಲಿಲ್ಲ. ಈಗ ಸುಳ್ಳು ಹೇಳಲು ಮನಸ್ಸು ಬಾರದೆ, "ಹೋಗ್ಲಿ, ಪೆಟ್ಟಿಗೆ ಕೊಡೋ ಮುಂಚೆ ಒಂದೇ ಒಂದು ಹಾಡು ನನಗೋಸ್ಕರ ನುಡ್ಸು. ಇಟ್ಕೊಂಡಿರ್ತೀನಿ" ಎಂದಳು. ಮಗಳ ಮಾತು ತೆಗೆದುಹಾಕಲಾರದೆ ಮೇಷ್ಟ್ರು ಎದ್ದು ಕೂತರು. ಅವಳು ರೆಕಾರ್ಡಿಂಗ್ ಒತ್ತಿದಳು, ತಬಲ ಶುರುವಾಯಿತು. ಮೇಷ್ಟ್ರ ಬೆರಳು ಮನೆಗಳ ಮೇಲೆ ಇಳಿಯಲೇ ಇಲ್ಲ. ಹೆಡ್‌ಫೋನ್ ಕಳಚಿ ಮೈಕಿನ ಪಕ್ಕ ಇಟ್ಟು, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡರು. ರೆಕಾರ್ಡಿಂಗ್ ತನ್ನಷ್ಟಕ್ಕೆ ಓಡುತ್ತಲೇ ಇತ್ತು.

ಆಮೇಲೆ ಅವಳು ಅದನ್ನು ನಿಲ್ಲಿಸಿ, ಅಳಿಸುವ ಮೊದಲು ಅಭ್ಯಾಸಬಲದಿಂದ ಒಮ್ಮೆ ಹಾಕಿದಳು. ಸ್ಪೀಕರಿನಲ್ಲಿ ತಬಲ ಬಂತು. ತುಸು ಹೊತ್ತಿಗೆ ಅದರ ಜೊತೆ ಇನ್ನೊಂದು ತಬಲ ಸೇರಿಕೊಂಡಿತು. ಹೆಡ್‌ಫೋನಿನಿಂದ ಸೋರಿದ ತಬಲವನ್ನೇ ಮೈಕು ಹಿಡಿದುಕೊಂಡುಬಿಟ್ಟಿತ್ತು. ತಬಲ ಧಾ ಎಂದರೆ ಹಿಂದೆಯೇ ಸಣ್ಣಗೆ ಇನ್ನೊಂದು ಧಾ.

ಮೇಷ್ಟ್ರು ಕತ್ತೆತ್ತಿದರು.

"ಇನ್ನೊಂದ್ಸಲ ಹಾಕು."

ಅವಳು ಹಾಕಿದಳು. ಎರಡು ಧಾಗಳ ನಡುವಿನ ಆ ಸಂದನ್ನು ಅವರು ಚೆನ್ನಾಗಿ ಬಲ್ಲರು. ಎಷ್ಟೋ ದಿನದಿಂದ ಅದರ ಜೊತೆಯೇ ಉಂಡು, ಅದರ ಜೊತೆಯೇ ಮಲಗಿ ಎದ್ದಿದ್ದರು. ಇದೇ ಸಂದು, ಒಂದು ಕೂದಲೆಳೆ ಹೆಚ್ಚಿಲ್ಲ ಕಮ್ಮಿ ಇಲ್ಲ.

"ಶಶೀ, ಇದ್ರಲ್ಲಿ ನಾನೆಲ್ಲಮ್ಮ ಇದೀನಿ?" ಎಂದರು. "ಇದು ಬರೀ ಅದರ ತಬಲ. ಅದರದ್ದೇ ತಬಲ ಅದಕ್ಕೇ ಲೇಟಾಗಿ ಮುಟ್ಟಿದೆ. ಅದ್ಕೇನ್ ಲಕ್ವ ಹೊಡೆದಿತ್ತಾ?"

ಶಶಿಕಲಾ ಓಡಿಹೋಗಿ ಜಾವೇದನಿಗೆ ಫೋನ್ ಮಾಡಿದಳು. ಜಾವೇದ್ ಮಧ್ಯಾಹ್ನದ ಬಸ್ಸಿಗೇ ಬಂದ. ಎಲ್ಲ ಕೇಳಿ ತಲೆ ಚಚ್ಚಿಕೊಂಡ.

"ತಪ್ಪು ನಂದು ಮೇಷ್ಟ್ರೇ, ಮೊದ್ಲೇ ಹೇಳ್ಬೇಕಿತ್ತು. ಪ್ರೈವೇಟ್ ಬಸ್ನೋರು ಸೀಟ್ ತುಂಬೋವರ್ಗೂ ಗಾಡಿ ಎತ್ತಲ್ವಲ್ಲ, ಇದೂ ಹಂಗೇ. ನಿಮ್ ಸ್ವರನ ಬಂದಂಗೇ ಕಳ್ಸಲ್ಲ. ಒಂದು ಬಸ್ ತುಂಬೋವಷ್ಟು ಕೂಡಿಸ್ಕೊಂಡು ಆಮೇಲೆ ಬಿಡ್ತದೆ. ಅಷ್ಟರಲ್ಲಿ ತಡ ಆಗೋಗಿರ್ತದೆ."

ಮೇಷ್ಟ್ರು ಯೋಚಿಸಿದರು. "ಹಂಗಾದ್ರೆ ನಾನು ಟೈಮಿಗೆ ಹತ್ತಿದ್ದೆ ಅನ್ನು."

"ನೀವ್ ಟೈಮಿಗೇ ಹತ್ತಿದ್ರಿ. ಬಸ್ಸೇ ಲೇಟು."

ಜಾವೇದ್ ಯಾವುದೋ ಪಟ್ಟಿ ತೆರೆದು, ದೊಡ್ಡ ಬಸ್ಸಿನ ಬದಲು ವ್ಯಾನ್ ಇಡುತ್ತೇನೆ ಎನ್ನುತ್ತ ಅಂಕಿಗಳನ್ನು ಇಳಿಸಿದ. ತೀರ ಇಳಿಸಿದಾಗ ಸದ್ದು ಹುರಿಗಡಲೆಯಂತೆ ಪಟಪಟ ಸಿಡಿಯಿತು. ಒಂದು ಮೆಟ್ಟಿಲು ಮೇಲೆ ಹತ್ತಿಸಿದ ಮೇಲೆ ಸರಿಹೋಯಿತು. ಬಳಿಕ ಮೇಷ್ಟ್ರು ಮೊಟ್ಟಮೊದಲ ದಿನ ತಬಲದ ಜೊತೆ ನುಡಿಸಿದ್ದ ಹಾಡನ್ನು ತೆರೆದ. ಅಳಿಸಲು ಶಶಿಕಲಾಗೆ ಮನಸ್ಸು ಬಂದಿರಲಿಲ್ಲ. ಪರದೆಯ ಮೇಲೆ ಮೇಷ್ಟ್ರ ಹಾಡು ಏರಿಳಿಯುವ ಗೆರೆಯಾಗಿ ಮಲಗಿತ್ತು. ಅವನು ಅದನ್ನು ಹಿಡಿದು ಆ ಸಂದಿನಷ್ಟು ಎಡಕ್ಕೆ ಸರಿಸಿ ಹಾಕಿದ.

ತಬಲ ಮತ್ತು ಪೆಟ್ಟಿಗೆ ಒಟ್ಟಿಗೆ ಬಂದವು. ಮೊದಲ ಸಾಲು, ಎರಡನೆಯ ಸಾಲು, ತಿರುವು, ಮತ್ತೆ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದು ನಿಲ್ಲುವುದು, ಎಲ್ಲವೂ ಕೂರಬೇಕಾದಲ್ಲಿ ಕೂತವು. ಮೇಷ್ಟ್ರು ಬಾಯಿ ತೆರೆದುಕೊಂಡು ಕೇಳಿದರು. ಕಳೆದುಹೋದ ಗಳಿಗೆಯನ್ನು ಒಬ್ಬ ಹುಡುಗ ಬೆರಳಲ್ಲಿ ತಳ್ಳಿ ಹಿಂದಕ್ಕೆ ಕೂರಿಸಿದ್ದು ದೊಡ್ಡ ಸೋಜಿಗವೇ. ಅದಕ್ಕಿಂತ ದೊಡ್ಡ ಸೋಜಿಗ ಅವರ ತೊಡೆಯ ಮೇಲಿತ್ತು. ವರ್ಷವಿಡೀ ಸತ್ತಂತೆ ಬಿದ್ದಿದ್ದು ಎದ್ದ ಕೈ, ಲಯವನ್ನು ಎಲ್ಲಿ ಬಚ್ಚಿಟ್ಟುಕೊಂಡಿತ್ತೋ, ಹಾಗೇ ತಂದು ಒಪ್ಪಿಸಿತ್ತು. ನಂಬದೇ ಹೋದವರು ತಾವು. ಮೇಷ್ಟ್ರು ಎಲ್ಲರ ಎದುರಿಗೇ ಅತ್ತುಬಿಟ್ಟರು. ಗಿರಿಯಮ್ಮ ತಾವೂ ಅಳುತ್ತ, ಜಾವೇದನಿಗೆ ಉಪ್ಪಿಟ್ಟು ಹಾಕಿಕೊಡಲು ಒಳಗೆ ಹೋದರು.

ಮಾರನೆಯ ದಿನ ಮುದ್ದಯ್ಯ ಅಮೃತೂರಿನಿಂದ ಬಂದ. ಪೆಟ್ಟಿಗೆ ಸುತ್ತಿಕೊಳ್ಳಲು ಹೊಸ ಜಮಖಾನೆ ತಂದಿದ್ದ. ಮುಖ ಸಾವಿನ ಮನೆಗೆ ಬಂದವನಂತಿತ್ತು. "ಬೇರೆ ಮೇಷ್ಟ್ರಿಗೆ ಹೇಳಿದೀವಿ. ಆದ್ರೆ ಯಾರಿಗೂ ಮನಸ್ಸಿಲ್ಲ" ಎಂದು ಬಾಗಿಲಲ್ಲೇ ನಿಂತ.

"ಆ ಜಮಖಾನೆ ಹಾಸಿ ಅದರ ಮೇಲೇ ಕೂತ್ಕೊ" ಎಂದರು ಮೇಷ್ಟ್ರು. ಪೆಟ್ಟಿಗೆಯನ್ನು ಮುಂದಕ್ಕೆ ಎಳೆದುಕೊಂಡು, ಬಲಗೈಯನ್ನು ಮಡಿಸಿ ನೋಡಿಕೊಳ್ಳದೆ ನೇರ ಮನೆಗಳ ಮೇಲಿಟ್ಟು, ರಾಜನ ಪ್ರವೇಶದ ಹಾಡಿಗೆ ಶ್ರುತಿ ಹಿಡಿದರು. ಮುದ್ದಯ್ಯನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಬಾಯಿ ತಾನಾಗಿ ತೆರೆದು ಹಾಡಿತು. ಎರಡನೆಯ ಸಾಲಿನಲ್ಲಿ ತಡವರಿಸಿದ.

ಮೇಷ್ಟ್ರ ಬೆರಳು ಗಕ್ಕನೆ ನಿಂತಿತು.

"ಹಿಂದೆ ಬಿದ್ದೆ ಕಣ್ಲಾ" ಎಂದರು. "ನಾನಲ್ಲ, ನೀನು. ಮೊದಲಿಂದ ಹೇಳು."

ಮುದ್ದಯ್ಯ ಕಣ್ಣೊರೆಸಿಕೊಂಡು ಮೊದಲಿಂದ ಹೇಳಿದ.